ಅರವತ್ತರಲ್ಲಿ ಓಡುತ್ತಿದ್ದ ಮಾವನ ಕಾರು

ಕಳೆದ ವಾರ ಒಂದು ತರಬೇತಿಗೆಂದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸಹೋದ್ಯೋಗಿಯೊಬ್ಬರ ಹೊಸ ಕಾರಿನಲ್ಲಿ ಹೋದೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಸ್ಟಿಯರಿಂಗಿನ ಹಿಂದೆ ಪುಟ್ಟ ಪರದೆ, ಅದರಲ್ಲೊಂದು ಅಂಕಿ. ಲೀಟರಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ ಎಂದು ಕಾರೇ ಹೇಳುತ್ತದಂತೆ. ಅವರು ಆಕ್ಸಿಲರೇಟರ್ ಒತ್ತಿದಾಗೆಲ್ಲ ಅಂಕಿ ಇಳಿಯುವುದು, ಕಾಲು ಸಡಿಲಿಸಿದರೆ ಏರುವುದು. "ನೋಡಿ ಸಾರ್, ಎಂಬತ್ತು ದಾಟಿದ್ರೆ ಎಂಗೆ ಬಿದ್ದೋಯ್ತದೆ" ಎಂದು ಖುಷಿಪಟ್ಟರು. ನಾನು ಹೂಂಗುಟ್ಟಿ ಕಿಟಕಿಯಾಚೆ ನೋಡಿದೆ. ಪರದೆ ಇಲ್ಲದೆಯೇ ನನಗೆ ಆ ವಿಷಯ ಗೊತ್ತು. ಕಲಿಸಲು ಹೆಣಗಿದವರು ನನ್ನ ಹೆಂಡತಿ ಗಿರಿಜಳ ತಂದೆ, ಚಾಮರಾಜನಗರದ ಹತ್ತಿರದ ಉಡಿಗಾಲದ ಮಾವ. ನಾನು ಕಲಿತದ್ದು ಮಾತ್ರ ಅವರು ತೀರಿಕೊಂಡ ದಿನ.

ಮಾವ ಅರಿಸಿನ ಬೆಳೆಯುವವರು. ಐವತ್ತು ದಾಟಿದ ಮೇಲೆ ಯಾರೋ ಓಡಿಸಿ ಬಿಟ್ಟಿದ್ದ ಸಣ್ಣ ಕಾರೊಂದನ್ನು ಕೊಂಡರು. ಅದರಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಸತ್ತಿತ್ತು. ರಿಪೇರಿ ಮಾಡಿಸಿ ಎಂದರೆ, "ಮುಳ್ಳ್ ಯಾಕೆ ಅಳಿಯಂದ್ರೆ, ಗಾಡಿ ಎಷ್ಟ್ ಕುಡೀತದೆ ಅನ್ನೋದು ನಂಗೊತ್ತು" ಎನ್ನುತ್ತಿದ್ದರು. ಅವರ ಕಾರು ಅರವತ್ತರ ಮೇಲೆ ಹೋದದ್ದನ್ನು ಕಂಡವರಿಲ್ಲ. ರಸ್ತೆ ಕನ್ನಡಿಯಂತಿದ್ದರೂ ಅರವತ್ತೇ, ಹಿಂದೆ ಲಾರಿಯವನು ಹಾರ್ನ್ ಹೊಡೆದು ಸತ್ತರೂ ಅರವತ್ತೇ. ಕೇರಳದ ಕಾರುಗಳು ಭರ್ರನೆ ಮುಂದೆ ಹೋಗುವಾಗ ನನಗೆ ಪಕ್ಕದಲ್ಲಿ ಕೂರಲೂ ನಾಚಿಕೆ. ಆಗ ನನಗೆ ಸ್ವಂತ ಕಾರಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಲ್ಲದವನಿಗೇ ಅವಸರ ಹೆಚ್ಚು.

ಒಮ್ಮೆ ಅವರು ನನಗೆ ಪಾಠ ಕಲಿಸಲೇಬೇಕೆಂದು ಹೊರಟರು. ಮೆಕ್ಯಾನಿಕ್ಕುಗಳು ಮಾಡುತ್ತಾರಲ್ಲ, ಟ್ಯಾಂಕಿನ ಪೈಪು ಬಿಚ್ಚಿ ಒಂದು ಲೀಟರ್ ಪೆಟ್ರೋಲಿನ ಬಾಟಲಿಗೆ ಸಿಕ್ಕಿಸಿ, ಅದು ಮುಗಿದು ಗಾಡಿ ನಿಲ್ಲುವವರೆಗೆ ಓಡಿಸುವ ಪರೀಕ್ಷೆ, ಅದು. ಮೊದಲು ಅವರು ಅರವತ್ತರಲ್ಲಿ ಓಡಿಸಿದರು. ಆಮೇಲೆ ಅದೇ ರಸ್ತೆಯಲ್ಲಿ ಇನ್ನೊಂದು ಲೀಟರಿಗೆ ನಾನು ನೂರರಲ್ಲಿ ಓಡಿಸಿದೆ. ಅವರು ನಿಂತ ಜಾಗಕ್ಕಿಂತ ಎಷ್ಟೋ ಹಿಂದೆಯೇ ನನ್ನ ಕೈಯಲ್ಲಿ ಕಾರು ಎರಡು ಸಲ ಕೆಮ್ಮಿ, ಮುಗ್ಗರಿಸಿ, ಸುಮ್ಮನಾಯಿತು. "ಜೋರಾಗ್ ಓದಷ್ಟೂ ಗಾಳಿ ಎದುರ್ಗೆ ನಿಂತ್ಕತದೆ ಅಳಿಯಂದ್ರೆ. ಅದ್ನ ತಳ್ಕಂಡ್ ಓಗಕ್ಕೆ ಪೆಟ್ರೋಲ್ ಬ್ಯಾಡ್ವಾ?" ಎಂದರು ಮಾವ. ನಾನು ನಕ್ಕೆ. ಕಾರು ತಳ್ಳುವಾಗಲೂ ನಗುತ್ತಲೇ ಇದ್ದೆ.

ಮೂರು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗಳ ಮದುವೆಗೆ ನಾನು, ಗಿರಿಜ ಬೆಂಗಳೂರಿಗೆ ಹೋಗಬೇಕಿತ್ತು. ಮಾವ ತಾವಾಗಿಯೇ ಕಾರು ಕೊಟ್ಟರು, ಪೆಟ್ರೋಲನ್ನೂ ಹಾಕಿಸಿದ್ದರು. "ಓಗಿ ಬರಕ್ಕೆ ಆಯ್ತದೆ. ಅರವತ್ತ್ ದಾಟ್ಬ್ಯಾಡಿ" ಎಂದರು. ಊರ ಮುಂದಿನ ತಿರುವಿನ ತನಕ ಅರವತ್ತರಲ್ಲೇ ಹೋದೆ, ನೋಡುತ್ತಿರುತ್ತಾರೆಂದು. ಆಮೇಲೆ ನನ್ನದೇ ರಾಜ್ಯ.

ಮಾರನೇ ದಿನ ಮಧ್ಯಾಹ್ನ ಊಟದ ಪಂಕ್ತಿಯಲ್ಲಿದ್ದಾಗ ಗಿರಿಜಳ ತಮ್ಮನ ಫೋನು ಬಂತು. ತೋಟದಲ್ಲಿ ಕೂತಿದ್ದ ಮಾವ ಕೂತಲ್ಲೇ ಹೋಗಿಬಿಟ್ಟಿದ್ದರು. "ಐನೋರು ಒತ್ತು ಮುಳುಗೋದ್ರೊಳ್ಗೆ ಮಣ್ಣಾಗ್ಬೇಕು ಅಂತಾವ್ರೆ ಭಾವ. ಅಕ್ಕುನ್ ಕರ್ಕಂಡ್ ಬೇಗ ಬನ್ನಿ" ಎಂದ. ನಮ್ಮಲ್ಲಿ ಅದು ಗಟ್ಟಿ ಪದ್ಧತಿ. ಗಿರಿಜ ಎಲೆಯ ಮುಂದಿನಿಂದ ಹಾಗೇ ಎದ್ದಳು. ಅವಳಿಗೆ ಬೇಕಿದ್ದುದು ಒಂದೇ, ಅಪ್ಪನ ಮುಖ ಒಂದು ಸಲ ನೋಡುವುದು.

ನೂರರ ಕೆಳಗೆ ಇಳಿಯದೆ ಓಡಿಸಿದೆ. ನಂಜನಗೂಡಿನ ಹತ್ತಿರ ಬಂಕೊಂದು ಕಂಡಾಗ ಅವಳು, "ಪೆಟ್ರೋಲ್ ಹಾಕಿಸ್ಕಳಿ" ಎಂದಳು. "ಬೇಡ, ಹೋಗಿ ಬರೋಕೆ ಆಗುತ್ತೆ ಅಂದಿದ್ದಾರೆ. ನಿಮ್ಮಪ್ಪನ ಲೆಕ್ಕ ತಪ್ಪಲ್ಲ" ಎಂದೆ. ಲೆಕ್ಕ ತಪ್ಪಿರಲಿಲ್ಲ. ಅದು ಅರವತ್ತರ ಲೆಕ್ಕ. ವೇಗ ನನ್ನದು, ಮೈಲೇಜು ಮಾತ್ರ ಅವರದು ಎಂದುಕೊಂಡು ಎರಡು ದಿನ ಓಡಿಸಿದ್ದೆ. ಬದನಗುಪ್ಪೆಗೆ ಇನ್ನೂ ಸ್ವಲ್ಪ ದೂರವಿರುವಾಗ ಕಾರು ಎರಡು ಸಲ ಕೆಮ್ಮಿತು. ಆ ಕೆಮ್ಮು ನನಗೆ ಗೊತ್ತಿತ್ತು. ರಸ್ತೆಯಂಚಿಗೆ ಎಳೆಯುವಷ್ಟರಲ್ಲಿ ಕಾರು ಸುಮ್ಮನಾಯಿತು.

ಆಗ ಒಂದು ಬಸ್ಸು ಬಂತು. ಚಾಮರಾಜನಗರದ ಬಸ್ಸು, ಸೀಟುಗಳೂ ಖಾಲಿಯಿದ್ದವು. ಗಿರಿಜ ಕಾರಿನಿಂದಿಳಿದು ಸೆರಗು ಸಿಕ್ಕಿಸಿಕೊಂಡು ರಸ್ತೆಯಂಚಿಗೆ ಹೋದಳು. "ಇರು, ಹತ್ತು ನಿಮಿಷದಲ್ಲಿ ಪೆಟ್ರೋಲ್ ತರ್ತೀನಿ. ಬಸ್ಸು ಊರೂರಲ್ಲಿ ನಿಲ್ಲುತ್ತೆ" ಎಂದೆ. ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ, ನಿಂತ ಕಾರಿನ ಜೊತೆ ನಾನೊಬ್ಬನೇ ಉಳಿದರೆ ಅವಳ ಕಡೆಯವರ ಮುಂದೆ ಮುಖ ತೋರಿಸುವುದು ಹೇಗೆ ಎಂಬ ಯೋಚನೆ ನನಗೆ ಬಂದಿತ್ತು. ಸುಳ್ಳೇಕೆ ಹೇಳಲಿ, ಬಂದಿತ್ತು. ಅವಳು ಬಸ್ಸಿಗೆ ಕೈ ಅಡ್ಡ ಹಾಕಲಿಲ್ಲ. ಬಸ್ಸು ಹೋಯಿತು.

ಬೈಕಿನವರೊಬ್ಬರು ನನ್ನನ್ನು ಬಂಕಿಗೆ ಬಿಟ್ಟರು. ಬಾಟಲಿಗೆ ಹಾಕಲ್ಲ ಎಂದರು ಬಂಕಿನವರು. ಸಾವಿನ ಮನೆ ಎಂದು ಕೈಮುಗಿದ ಮೇಲೆ, ಎಲ್ಲಿಂದಲೋ ಕ್ಯಾನು ಹುಡುಕಿ ತಂದ ಮೇಲೆ ಕೊಟ್ಟರು. ವಾಪಸು ಬಂದು ಸುರಿದರೆ ಕಾರು ಸ್ಟಾರ್ಟೇ ಆಗಲೊಲ್ಲದು. ಬರಿದಾದ ಟ್ಯಾಂಕಿನ ತಳದ ಕಸವೆಲ್ಲ ಎಳೆದುಕೊಂಡಿತ್ತು. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರು ಇಳಿದು ಪೈಪು ಬಿಚ್ಚಿ ಊದಿಕೊಟ್ಟರು. ಅಷ್ಟರಲ್ಲಿ ಭಾವಮೈದನ ಫೋನು ನಾಲ್ಕು ಸಲ ಬಂದಿತ್ತು. ಐದನೆಯ ಸಲ ಅವನು ಏನನ್ನೂ ಕೇಳಲಿಲ್ಲ, "ನಿಧಾನ್ವಾಗ್ ಬನ್ನಿ ಭಾವ" ಎಂದ.

ನಾವು ತೋಟ ಮುಟ್ಟಿದಾಗ ಮಣ್ಣು ಮುಚ್ಚಿ, ಬಿಲ್ವಪತ್ರೆ ಹಾಕಿ, ಜನ ಕೈಕಾಲು ತೊಳೆಯುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗಿರಿಜ ಅಳಲಿಲ್ಲ. "ಅಪ್ಪುನ್ ಮುಖ ಯಾವ್ ಕಡೀಕದೆ?" ಎಂದು ತಮ್ಮನನ್ನು ಕೇಳಿದಳು. ಅವನು ತೋರಿಸಿದ ಕಡೆಗೆ ಸುತ್ತಿ ಹೋಗಿ, ಹಸಿ ಮಣ್ಣಿನ ಎದುರು ಕೂತಳು.

ಅವತ್ತಿನಿಂದ ಅವಳು ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ಮೌನಕ್ಕೆ ಹೆದರಿ ನಾನೂ ಆ ಮಾತೆತ್ತಲಿಲ್ಲ. ಅವಳ ಹೊಟ್ಟೆಯಲ್ಲಿ ನನ್ನ ಮೇಲಿನ ಸಿಟ್ಟು ಕೂತಿದೆ ಎಂದೇ ನಂಬಿದ್ದೆ.

ಕಳೆದ ವಾರ ಆ ತರಬೇತಿ ಮುಗಿಸಿ ಸಂಜೆ ಮನೆಗೆ ಬಂದಾಗ ಅವಳು ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು, "ಅವತ್ತು ನಿನ್ನ ಆ ಬಸ್ಸಿಗೆ ಹತ್ತಿಸಿ ಕಳಿಸ್ಬೇಕಿತ್ತು. ತಪ್ಪು ಮಾಡ್ಬುಟ್ಟೆ" ಎಂದೆ.

ಅವಳ ಕೈ ನಿಂತಿತು. ಮೊರ ಪಕ್ಕಕ್ಕಿಟ್ಟಳು.

"ನೀವು ಇರು ಅಂದ್ರಿ, ಅಷ್ಟೇಯ. ಕೈಯೇನ್ ಹಿಡ್ಕಂಡಿರ್ಲಿಲ್ಲ. ಅಪ್ಪುನ್ ಮುಖ ನೋಡ್ಬೇಕಾದೋಳು ನಾನು, ಹತ್ದೇ ನಿಂತೋಳೂ ನಾನೇಯ. ಮೂರು ವರ್ಸದಿಂದ ದಿನಾ ಆ ಬಸ್ ಹತ್ತುತಾನೇ ಇವ್ನಿ."

ನಾನು ತಪ್ಪು ನನ್ನೊಬ್ಬನದೇ ಎಂದುಕೊಂಡು ಕೂತಿದ್ದ ಮೂರು ವರ್ಷವೂ ಅವಳು ಪಕ್ಕದಲ್ಲೇ ಅದನ್ನು ತನ್ನದೆಂದು ಹೊತ್ತುಕೊಂಡಿದ್ದಳು, ನಾನು ಒಂದು ಸಲವೂ ಕೇಳಿರಲಿಲ್ಲ.