ರುಕ್ಮವ್ವನ ಹದಿನಾಲ್ಕು ನಿಮಿಷ

ರುಕ್ಮವ್ವ ನಿಪ್ಪಾಣಿಯಲ್ಲಿ ನಲವತ್ತೊಂದು ವರ್ಷ ಬೀಡಿ ಕಟ್ಟಿದವಳು. ನಮ್ಮ ಬೀಡಿ ಕಾರ್ಮಿಕರ ಸಂಘದ ಮೋರ್ಚಾಗಳಲ್ಲಿ ಮುಂದೆ ನಡೆದವಳೇನಲ್ಲ. ಹಿಂದಿನ ಸಾಲಿನಲ್ಲಿ ಬರುತ್ತಿದ್ದಳು, ನಾವು ಘೋಷಣೆ ಕೂಗುವಾಗ ಅಡಿಕೆ ಜಗಿಯುತ್ತಿದ್ದಳು. ಒಮ್ಮೆ ಮಾತ್ರ ಕಾರ್ಖಾನೆಯ ಚೆಕ್ಕರನ ಕೈ ಹಿಡಿದು ತಡೆದಿದ್ದಳು. ಇಪ್ಪತ್ತೈದು ಬೀಡಿಯ ಕಟ್ಟು ಬಿಚ್ಚಿ, ಎರಡೋ ಮೂರೋ ಬೀಡಿ ‘ಛಾಟ’, ಅಂದರೆ ಕೂಲಿಗೆ ಬಾರದ ಕೆಟ್ಟ ಮಾಲು, ಎಂದು ಕಿತ್ತು ಬಿಸಾಡುವುದು ಅವನ ದಿನದ ಕೆಲಸ. “ಇದರಾಗ ಏನ್ ತಪ್ಪೈತಿ, ತೋರ್ಸು” ಅಂದಳು. ಅವನು ತೋರಿಸಲಿಲ್ಲ. ಎಂಟು ದಿನ ಅವಳಿಗೆ ಬೀಡಿ ಎಲೆ ಕೊಡಲಿಲ್ಲ.

ಎರಡು ವರ್ಷದ ಹಿಂದೆ ದೀಪಾಲಿ ಎಂಬ ಹುಡುಗಿ ಬಾಡಿಗೆ ಕ್ಯಾಮೆರಾ ತಂದು ಅವಳ ಪಡಸಾಲೆಯಲ್ಲಿ ಒಂದು ಸಿನಿಮಾ ತೆಗೆದಳು. ಅದರಲ್ಲಿ ರುಕ್ಮವ್ವ ಒಂದು ಕಟ್ಟು ಬೀಡಿ ಕಟ್ಟುತ್ತಾಳೆ. ಹದಿನಾಲ್ಕು ನಿಮಿಷ. ಮಾತಿಲ್ಲ, ಹಾಡಿಲ್ಲ. ಈಗ ಅದನ್ನು ನೋಡಿ ಚಿಕ್ಕೋಡಿ, ಅಥಣಿ ಕಡೆಯ ಹುಡುಗಿಯರು ತಮ್ಮ ತಾಯಂದಿರ ಕೆಲಸವನ್ನು ಮೊಬೈಲಿನಲ್ಲಿ ಹಾಗೇ ಇಡಿಯಾಗಿ ತೆಗೆಯುತ್ತಿದ್ದಾರೆ. ಆದರೆ ನಮ್ಮ ಸಂಘದ ಹಾಲ್‌ನಲ್ಲಿ ಮೊದಲ ಸಲ ತೋರಿಸಿದ ದಿನ ನನ್ನಿಂದ ಸುಮ್ಮನೆ ಕೂರಲಾಗಲಿಲ್ಲ.

ರುಕ್ಮವ್ವನದು ಒಂದೇ ಚಿಂತೆ. “ಸಿನಿಮಾದವರು ನಡುವ ಕತ್ತರಿ ಹಾಕ್ತಾರಂತಲ್ರಿ ಅಣ್ಣಾ. ನನ್ನ ಕಟ್ಟು ಪೂರಾ ಐತೋ ಇಲ್ಲೋ ನೋಡಬೇಕು.”

ಪರದೆಯ ಮೇಲೆ ಆರನೇ ಬೀಡಿಗೆ ನಾನು ಆಕಳಿಸಿದೆ. ಹತ್ತನೆಯದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಸಂಗ್ರಾಮನಿಗೆ ಕೂಗಿದೆ, “ತಮ್ಮಾ, ಮುಂದ ಓಡಸೋ.”

“ಸುಮ್ನ ಕುಂದರ್ರಿ ಅಣ್ಣಾ,” ಎಂದಳು ರುಕ್ಮವ್ವ. “ನಿಮ್ಮ ಭಾಷಣಾ ನಾವು ಎಂದಾರ ಮುಂದ ಓಡಿಸೀವೇನ್ರಿ?”

ಹಾಲ್ ತುಂಬ ನಗೆ. ನಗೆ ಅಡಗಿದ ಮೇಲೆ ಅಕ್ಕಪಕ್ಕ ನೋಡಿದರೆ ಹೆಂಗಸರ ತುಟಿ ಆಡುತ್ತಿದ್ದವು: ಹನ್ನೊಂದು, ಹನ್ನೆರಡು. ಕೆಲವರ ಬೆರಳು ಮಡಿಲಲ್ಲಿ ತಮ್ಮಷ್ಟಕ್ಕೆ ತಾವೇ ಸುತ್ತುತ್ತಿದ್ದವು. ಹದಿನೇಳನೆಯದಕ್ಕೆ ಎಲೆ ಹರಿಯಿತು. “ಹಾಳಾದ್ ಎಲಿ!” ಎಂದಳು ಪಕ್ಕದ ಅನುಸೂಯಾ. ಈ ಸಲ ಯಾರೂ ನಗಲಿಲ್ಲ. ಪರದೆಯ ರುಕ್ಮವ್ವ ಬೇರೆ ಎಲೆ ತೆಗೆದಳು. ಬೀಡಿ ಕಟ್ಟುವ ಕೈಗಳ ಬಗ್ಗೆ ಮೂವತ್ತು ವರ್ಷ ಭಾಷಣ ಬಿಗಿದವನು ನಾನು. ಒಂದು ಕಟ್ಟು ಮೊದಲಿನಿಂದ ಕೊನೆತನಕ ಆಗುವುದನ್ನು ನೋಡಿದ್ದು ಅವತ್ತೇ.

ಕೊನೆಗೆ ಪರದೆಯ ರುಕ್ಮವ್ವ ಇಪ್ಪತ್ತೈದನ್ನೂ ಸೇರಿಸಿ ದಾರ ಬಿಗಿದು, ಕಟ್ಟನ್ನು ಮೊರದಲ್ಲಿಟ್ಟಳು. ಕ್ಯಾಮೆರಾ ಇನ್ನೂ ಅದನ್ನೇ ನೋಡುತ್ತಿತ್ತು. ಯಾವ ಕೈಯೂ ಬಂದು ಬಿಚ್ಚಲಿಲ್ಲ.

“ಏನವ್ವಾ, ಪೂರಾ ಐತೇನು?” ಎಂದು ಕೇಳಿದೆ.

“ಇಪ್ಪತ್ತೈದೂ ಅದಾವ್ರಿ. ಒಂದೂ ಛಾಟ ಇಲ್ಲ.” ಸೆರಗು ಸರಿಮಾಡಿಕೊಂಡು ಸಂಗ್ರಾಮನ ಕಡೆ ತಿರುಗಿದಳು. “ಇನ್ನೊಮ್ಮಿ ಹಾಕಪಾ. ಚಹಾ ಆಮ್ಯಾಲ.”