ಯಂತ್ರಕ್ಕೆ ಕಿವಿ ಹಚ್ಚುತ್ತಿದ್ದ ಅಣ್ಣ

ನಮ್ಮ ಅಣ್ಣನ ಎಡಗಿವಿ ಸದಾ ಕರ್ರಗಿರುತ್ತಿತ್ತು. ಹುಟ್ಟುಮಚ್ಚೆಯೇನಲ್ಲ, ಯಂತ್ರದ ಎಣ್ಣೆ. ಹಿಟ್ಟಿನ ಗಿರಣಿಯಿರಲಿ, ಹೊಲಿಗೆ ಮಷಿನ್ ಇರಲಿ, ದಾರಿಯಲ್ಲಿ ಕೆಟ್ಟು ನಿಂತ ಮೋಟಾರಿರಲಿ, ಮೊದಲು ಹೋಗಿ ಕಿವಿ ಹಚ್ಚಬೇಕು. ದೊಡ್ಡವ್ವ ಸೀಗೆಕಾಯಿ ಹಾಕಿ ತಿಕ್ಕಿ ತಿಕ್ಕಿ ಸೋತು, "ನಾಳೆ ಹೆಣ್ಣಿನವರು ಬಂದ್ರ ಅವರನ್ನ ನಿನ್ನ ಬಲಮಗ್ಗಲಿಗೇ ಕುಂದ್ರಸಬೇಕಾಗ್ತೈತಿ ನೋಡು" ಎನ್ನುತ್ತಿದ್ದಳು.

ಅವನು ನನ್ನ ದೊಡ್ಡಪ್ಪನ ಮಗ. ದೊಡ್ಡಪ್ಪ ತೀರಿಕೊಂಡಿದ್ದರಿಂದ ದೊಡ್ಡವ್ವನಿಗೆ ಅವನೊಬ್ಬನೇ ದಿಕ್ಕು. ಬೆಂಗೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಉಣ್ಣುತ್ತಿದ್ದುದು ಎಷ್ಟೋ ಸಲ ಗೋಡೆಯ ಆಚೆಗೇ.

ಒಮ್ಮೆ ನಮ್ಮಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಟಿಕ್ ಟಿಕ್ ಸಪ್ಪಳ ಎಲ್ಲಿಂದ ಬರುತ್ತದೆಂದು ಕಂಡುಹಿಡಿಯಲು ನಮ್ಮ ಗೋಡೆ ಗಡಿಯಾರವನ್ನು ಬಿಚ್ಚಿದ. ತಿರುಗಿ ಜೋಡಿಸಿದಾಗ ಒಂದು ತಿರುಪು ಉಳಿಯಿತು. "ತಂಗೀ, ಇದು ಮೊದಲಿಂದನೂ ಹೆಚ್ಚಾಗೇ ಇತ್ತು" ಎಂದು ಅದನ್ನು ಜೇಬಿಗೆ ಹಾಕಿಕೊಂಡ. ಮರುದಿನದಿಂದ ಗಡಿಯಾರ ಮುಂದಕ್ಕೆ ಓಡತೊಡಗಿತು. ನಾನು ಜವಾನ ಬಾಗಿಲು ತೆಗೆಯುವ ಮೊದಲೇ ಶಾಲೆಗೆ ಹೋಗಿ ಕಟ್ಟೆಯ ಮೇಲೆ ಕೂಡುವಂತಾಯಿತು. ಅಪ್ಪ ಬೈದದ್ದನ್ನು ಇಲ್ಲಿ ಬರೆಯಲಾರೆ.

ಮಾಸ್ತರು ಹೇಳಿದ್ದನ್ನು ನಾನು ಒಪ್ಪಿಸಿದರೆ ಅವನದು ಒಂದೇ ಪ್ರಶ್ನೆ: "ನೀ ಕಣ್ಣಾರೆ ನೋಡಿಯೇನು?" ಇಲ್ಲವೆಂದರೆ, "ಹಂಗಾರ ಇನ್ನೊಮ್ಮೆ ಕೇಳಿ ಬಾ. ಕೇಳಿದ್ರ ಬಾಯಿ ಸವೆಯೂದಿಲ್ಲ" ಎಂದು ಕಳಿಸುತ್ತಿದ್ದ. ಮಾಸ್ತರಿಗೆ ನನ್ನ ಕಂಡರೆ ತಲೆಶೂಲೆ ಬರುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾದಾಗ ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ದೇಶ, ದೊರೆ ಎಂದೆಲ್ಲ ಅವನು ಸೈನ್ಯ ಸೇರಲಿಲ್ಲ. "ದೊಡ್ಡ ದೊಡ್ಡ ಲಾರಿ ಬಿಚ್ಚಾಕ ಕೊಡ್ತಾರಂತಬೇ" ಎಂದು ಹೋದ. ದೊಡ್ಡವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ತಾನೇ ಎದ್ದು ಬುತ್ತಿ ಕಟ್ಟಿದಳು.

ಮುಂದೆ ಮರಳುಗಾಡಿನ ಕಾಳಗದಲ್ಲಿ ಸೆರೆಸಿಕ್ಕು ಇಟಲಿಯಲ್ಲಿದ್ದಾನೆಂದು ಸರಕಾರದಿಂದ ತಿಳಿದುಬಂತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಅಂಚೆಯವನು ಕಾಗದ ತಂದ. ನಮ್ಮಪ್ಪ ಅಂಗಳದಲ್ಲೇ ನಿಂತು ಲಕೋಟೆ ಒಡೆದ. ಒಳಗಿನ ಹಾಳೆಗೆ ಬಲಗಡೆಯ ಮೇಲಿನ ಮೂಲೆಯೇ ಇರಲಿಲ್ಲ.

ಸಾವಿನ ಸುದ್ದಿ ಬರೆಯುವ ಕಾಗದದ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ರೂಢಿ. ಅಂಥ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಅಪ್ಪನ ಕೈಯಿಂದ ಹಾಳೆ ಜಾರಿ ಬಿತ್ತು. ದೊಡ್ಡವ್ವ ಹೊಸ್ತಿಲಲ್ಲೇ ಕುಸಿದಳು. ಓಣಿಯೆಲ್ಲ ನೆರೆಯಿತು, ಹೆಂಗಸರು ಎದೆ ಬಡಿದುಕೊಂಡರು, ಯಾರೋ ಸ್ನಾನಕ್ಕೆ ನೀರು ತೋಡಿದರು. ಕಾಗದ ಮಾತ್ರ ಅಂಗಳದಲ್ಲೇ ಬಿದ್ದಿತ್ತು.

ಅದನ್ನು ಯಾರೂ ಓದಿಲ್ಲವಲ್ಲ ಎಂಬುದು ನನ್ನ ತಲೆಯೊಳಗೆ ಕೊರೆಯತೊಡಗಿತು. ಮೈಲಿಗೆಯಾದರೆ ಆಗಲಿ ಎಂದು ಎತ್ತಿ ನೋಡಿದೆ. ಅಕ್ಷರ ಅಣ್ಣನದೇ! "ಅವ್ವಾ, ನಾನು ಆರಾಮ ಇದ್ದೇನೆ. ಇಲ್ಲಿ ಗೋಪುರದ ಮೇಲೆ ದೊಡ್ಡ ಗಡಿಯಾರವಿದೆ. ಬಿಚ್ಚಲು ಕೊಡುವುದಿಲ್ಲ" ಎಂದು ಬರೆದಿದ್ದ. ಮೂಲೆಯಲ್ಲಿ ಊರಿನ ಹೆಸರು ಹಾಕಿರಬೇಕು. ಸೆರೆಯಾಳುಗಳ ಕಾಗದ ತಪಾಸಣೆ ಮಾಡುವವರು ಅದನ್ನು ಕತ್ತರಿಸಿ ತೆಗೆದಿದ್ದರು.

"ಸತ್ತವರು ಕಾಗದ ಬರೀತಾರೇನು?" ಎಂದು ನಾನು ಕೂಗಿದ ಕೂಗಿಗೆ ಅಳು ನಿಂತಿತು. ದೊಡ್ಡವ್ವ ನನ್ನ ಕೈಯಲ್ಲಿ ಅದನ್ನು ಏಳೆಂಟು ಸಲ ಓದಿಸಿ, ಅಳುತ್ತಿದ್ದವರಿಗೆಲ್ಲ ಸಕ್ಕರೆ ಹಂಚಿದಳು. ಸುಳ್ಳು ಸಾವಿನ ಸುದ್ದಿ ಬಂದರೆ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆಯುಂಟು. "ನನ್ನ ಮಗಗ ಇನ್ನ ನೂರು ವರ್ಷ" ಎಂದು ಅವಳು ಗಟ್ಟಿಯಾದಳು. ನನಗೂ ಆ ದಿನ ಅದು ಖರೆ ಅನ್ನಿಸಿತ್ತು.

ಮರುವರ್ಷ ಇನ್ನೊಂದು ಕಾಗದ ಬಂತು. ನಾಲ್ಕೂ ಮೂಲೆ ನೆಟ್ಟಗಿದ್ದ, ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆ. ನಾನಾಗ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದೆ. ದೊಡ್ಡವ್ವ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ನಗುತ್ತ ನನ್ನ ಕೈಗೆ ಕೊಟ್ಟಳು. "ಲಗೂ ಓದವಾ. ಬಿಡುಗಡಿ ಆತೇನು ನೋಡು."

ಸೆರೆಶಿಬಿರದ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡನೆಂದು ಅದರಲ್ಲಿತ್ತು. ಅವಳು ಕಾಯುತ್ತಲೇ ಇದ್ದಳು. ಏನು ಮಾಡಬೇಕೆಂದು ತಿಳಿಯದೆ ಹಾಳೆಯ ಮೂಲೆಯನ್ನು ನಾನೇ ಹರಿದೆ. ಅವಳು ಅಳಲಿಲ್ಲ. "ಬಾಯಾಗ ನೀರು ಯಾರು ಬಿಟ್ರಂತ?" ಎಂದು ಕೇಳಿದಳು. ಕಾಗದದಲ್ಲಿ ಅದಿರಲಿಲ್ಲ.

ಆಮೇಲೆ ಅವಳದು ಅದೊಂದೇ ಮಾತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಪರದೇಶದಾಗ ನನ್ನ ಮಗ ಒಣಬಾಯಿಲೆ ಹೋದನೇನು?" ಎನ್ನುತ್ತಿದ್ದಳು. ನಾನು ಸೈನ್ಯದ ಕಚೇರಿಗೆ ಬರೆದೆ. ವಿಷಾದವಿದೆ ಎಂದು ಉತ್ತರ ಬಂತು. ಮತ್ತೆ ಬರೆದೆ. ಮತ್ತದೇ ವಿಷಾದ. ಅಪ್ಪ, "ಸಾಕು ಬಿಡು, ಸರಕಾರ ನೀರಿನ ಲೆಕ್ಕ ಇಡ್ತೈತೇನು?" ಎಂದ. ನಾನು ಬಿಡಲಿಲ್ಲ. ಉತ್ತರ ಸಿಗುವತನಕ ಕೇಳಬೇಕೆಂದು ನನಗೆ ಕಲಿಸಿದವನು ಅಣ್ಣನೇ. ಆ ಋಣ ತೀರಿಸಲು ನನಗೆ ಬೇರೆ ದಾರಿಯಿರಲಿಲ್ಲ. ಐದನೆಯ ಕಾಗದಕ್ಕೆ, ಅವನೊಡನೆ ಅದೇ ಶಿಬಿರದಲ್ಲಿದ್ದ ಒಬ್ಬ ಸಿಪಾಯಿಯ ವಿಳಾಸ ಕೊಟ್ಟರು.

ಯುದ್ಧ ಮುಗಿದು ಊರಿಗೆ ಬಂದಿದ್ದ ಆ ಸಿಪಾಯಿ, ನನ್ನ ಕಾಗದ ಕಂಡು ತಾನೇ ಹೊರಟು ಬಂದ. ಬೆಳಗಾವಿ ಕಡೆಯವನು, ನೆಟ್ಟಗಿನ ಆಳು. ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದ. ಕೂಡ್ರಿ ಎಂದರೂ ಕೂಡಲಿಲ್ಲ.

"ಯವ್ವಾ, ನೀರು ನಾನ ಬಿಟ್ಟೇನ್ರಿ" ಎಂದ. "ಮೂರು ಗುಟುಕು ಕುಡದ."

"ಯಾವ ಕೈಲೆ ಬಿಟ್ಟಿಯಪಾ?"

ಅವನು ಬಲಗೈ ಚಾಚಿದ. ದೊಡ್ಡವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು.