ಕುಣಿಯುವ ಹಸಿರು ಪಟ್ಟಿ

ಅವಳ ಕಿವಿಯ ಬಗ್ಗೆ ಆ ಓಣಿಯಲ್ಲಿ ಎರಡು ಮಾತಿಲ್ಲ. ಹುಟ್ಟಿನಿಂದ ಕಣ್ಣು ಕಾಣದು, ಆದರೆ ಪಾಠ ಓದುವವರು ಪುಟ ಮಗುಚಿದ್ದು, ಎಂಜಲು ನುಂಗಿದ್ದು, ಯಾವುದೂ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಶಾಲೆಗಳಿಗೆ ಹೋಗುವ ಪಾಠಗಳ ಧ್ವನಿಯನ್ನು ಕತ್ತರಿಸಿ, ಜೋಡಿಸಿ, ಚೊಕ್ಕ ಮಾಡುವುದು ಅವಳ ಕಸುಬು. ಪರದೆಯಲ್ಲಿ ಏನಿದೆ ಎಂದು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಅವಳು ಕೀಲಿ ಒತ್ತುತ್ತಾಳೆ. ಪಕ್ಕದ ಕುರ್ಚಿಯಲ್ಲಿ ಅಪ್ಪ, ನಿವೃತ್ತ ಬಸ್ ಡ್ರೈವರ್. ಪಾಠ ಮುಗಿದಾಗ ಪೂರ್ತಿ ಕೇಳಿಸಿ, ಅವರು "ತುಂಬಾ ಚೆನ್ನಾಗಿದೆ ಪುಟ್ಟಿ" ಅಂದ ಮೇಲೇ ಕಳಿಸುವುದು ಮನೆಯ ರೂಢಿ.

ಈಚೆಗೆ ಕಂಪ್ಯೂಟರಿಗೆ ಅದೇನು ಸೋಮಾರಿತನ ಬಡಿಯಿತೋ. ಕೀಲಿ ಒತ್ತಿದರೆ ಸ್ಕ್ರೀನ್ ರೀಡರ್ ಆಕಳಿಸಿ, ಮೈಮುರಿದು, ಆಮೇಲೆ ಬಾಯಿ ಬಿಡುತ್ತಿತ್ತು. ಅಷ್ಟರಲ್ಲಿ ಕತ್ತರಿಸಬೇಕಾದ ಜಾಗ ದಾಟಿಹೋಗಿ, ಓದುವವರ ಕೆಮ್ಮು ಉಳಿದು ಮಾತು ಕತ್ತರಿಸಿಹೋಗಿರುತ್ತಿತ್ತು. ಹಿಂದಿನ ಪಾಠ ತಡವಾಗಿದ್ದಕ್ಕೆ ಸಂಸ್ಥೆಯ ಮೇಡಂ ನಯವಾಗಿಯೇ ಹೇಳಿದ್ದರು: ಇವತ್ತು ಸಂಜೆಯೊಳಗೆ ಈ ಪಾಠ ಬರದಿದ್ದರೆ ಮುಂದಿನ ಪುಸ್ತಕ ಬೇರೆಯವರಿಗೆ. ನಯವಾಗಿ ಹೇಳಿದರೆ ಹೋಗುವ ಪುಸ್ತಕ ನಿಂತೀತೇ?

ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು. ಬೇಡದ್ದೆಲ್ಲ ಮುಚ್ಚಿದಳು. ಉದ್ದದ ಪಾಠವನ್ನು ತುಂಡು ಮಾಡಿ ನೋಡಿದಳು. ಊಹೂಂ. ಕೊನೆಗೆ ಅದೇ ಕಸುಬಿನ, ಅವಳಂತೆಯೇ ಕಣ್ಣಿಲ್ಲದ ಗೆಳತಿಗೆ ಫೋನ್ ಮಾಡಿದಳು.

"ಧ್ವನಿ ಓಡುವಾಗ ಮಾತ್ರ ನಿಧಾನಾನಾ, ನಿಂತಾಗಲೂನಾ?"

"ಓಡುವಾಗ ಮಾತ್ರ ಕಣೇ."

"ಹಾಗಾದ್ರೆ ಪರದೆ ಮೇಲೆ ಏನೋ ಕುಣೀತಿದೆ. ಅದು ಮಿಸುಕಿದಾಗೆಲ್ಲ ನಿನ್ನ ಸ್ಕ್ರೀನ್ ರೀಡರ್ ಅದರ ಹಿಂದೆ ಓಡುತ್ತೆ. ಮೀಟರ್ ಆನ್ ಆಗಿದೆಯಾ ನೋಡು."

ಹುಡುಕಿದಳು. "ದೊಡ್ಡ ಮೀಟರ್, ಆನ್ ಆಗಿದೆ" ಎಂದಿತು ಸ್ಕ್ರೀನ್ ರೀಡರ್. ಧ್ವನಿ ಏರಿದಂತೆ ಏರುವ ಹಸಿರು ಪಟ್ಟಿ ಅದು. ಅವಳಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ, ಅವಳು ಹಾಕಿದ್ದೂ ಅಲ್ಲ.

"ಅಪ್ಪ, ಇದನ್ನ ನೀವು ಹಾಕಿದ್ರಾ?"

ಉತ್ತರವಿಲ್ಲ. ಅವಳು ಅವರ ಕಡೆ ತಿರುಗಿ, ಇನ್ನೂ ಗಟ್ಟಿಯಾಗಿ ಕೇಳಿದಳು.

"ಹೂಂ," ಎಂದರು ಅಪ್ಪ. "ಅದು ಕುಣಿದರೆ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ."

ಅವಳ ಕೈ ಕೀಲಿಗಳ ಮೇಲೆಯೇ ನಿಂತಿತು. ಈಚೆಗೆ ಅಪ್ಪನನ್ನು ಎರಡೆರಡು ಸಲ ಕೂಗಬೇಕಾಗಿದ್ದು, ಕೇಳಿದರೆ ಫ್ಯಾನಿನ ಸದ್ದು ಎಂದು ಅವರು ಸಬೂಬು ಹೇಳಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಊರವರ ಎಂಜಲು ನುಂಗುವ ಸದ್ದು ಹಿಡಿಯುವವಳಿಗೆ ಇದು ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು, ದುಃಖವೂ ಆಯಿತು.

"ಕೇಳಿಸ್ತಾನೇ ಇಲ್ವಾ ಅಪ್ಪ?"

"ನಿನ್ನ ಮಾತು ಅಲ್ಪಸ್ವಲ್ಪ. ಇದರೊಳಗಿನದು ಏನೂ ಇಲ್ಲ. ಹೇಳಿದರೆ ನೀನು ಪಾಠ ಹೇಗಿದೆ ಅಂತ ನನ್ನ ಕೇಳೋದು ಬಿಟ್ಟುಬಿಡ್ತೀಯ ಅಂತ ಸುಮ್ಮನಿದ್ದೆ."

ಅವಳು ಮೀಟರ್ ತೆಗೆದಳು. ಸ್ಕ್ರೀನ್ ರೀಡರ್ ಚುರುಕಾಗಿ, ಕೀಲಿ ಒತ್ತುವುದೇ ತಡ ಉತ್ತರ ಕೊಡತೊಡಗಿತು. ಅವಳು ಒಂದೊಂದೇ ಕೆಮ್ಮನ್ನು ಕಿತ್ತು ಹಾಕುತ್ತಾ ಹೋದಳು. ಅಪ್ಪ ನೋಡಲು ಏನೂ ಇಲ್ಲದ ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಎದ್ದು ಹೋಗಲಿಲ್ಲ.

ಬಿಸಿಲು ಇಳಿಯುವ ಮುಂಚೆ ಕೆಲಸ ಮುಗಿಯಿತು. ಪೂರ್ತಿ ಕೇಳಿಸುವಾಗ ಕತ್ತರಿಸುವ ಕೆಲಸವಿಲ್ಲ, ಹಾಗಾಗಿ ಸ್ಕ್ರೀನ್ ರೀಡರ್ ಬೇಕಿಲ್ಲ. ಅವಳು ದೊಡ್ಡ ಮೀಟರನ್ನು ಮತ್ತೆ ಹಾಕಿ, ಸ್ಕ್ರೀನ್ ರೀಡರನ್ನು ಮಲಗಿಸಿ, ಅಪ್ಪನ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. ಪಾಠ ಮುಗಿದಾಗ ಅವರ ಕಿವಿಯ ಬಳಿ ಬಾಗಿ ಕೇಳಿದಳು.

"ಹೇಗಿದೆ ಅಪ್ಪ?"

"ಏನು ಹೇಳಿದರೋ ನನಗೊಂದೂ ತಿಳೀಲಿಲ್ಲ ಪುಟ್ಟಿ. ಹಸಿರು ಮಾತ್ರ ಎಲ್ಲೂ ಎಡವಲಿಲ್ಲ."

"ಸಾಕು," ಎಂದು ಅವಳು ಸ್ಕ್ರೀನ್ ರೀಡರನ್ನು ಎಬ್ಬಿಸಿ ಪಾಠ ಕಳಿಸಿದಳು. "ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ."

"ಏನಂದೆ?"

ಈ ಸಲ ಅವರು ಫ್ಯಾನಿನ ಸಬೂಬು ಹೇಳಲಿಲ್ಲ. ಅವಳು ಅವರ ಕೈ ಹಿಡಿದು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.